ಸಿಟ್ಟು ಕಾಯಿಲೆ ಅಲ್ಲ, ಆದರೆ ಕಾಯಿಲೆನೂ ಇರ್ತದ

ಇದು ಉದ್ದನೆಯ ಪೋಸ್ಟ್. ಪುರಸತ್ತು ಇದ್ದಾಗ ಓದ್ರಿ, ಆದ್ರ ಓದ್ರಿ. ಸಂಘಟನೆಯಲ್ಲಿ ಇರುವವರು, ಅಟ್ರಾಸಿಟಿ ಕೇಸಿಗೆ ಓಡಾಡುವವರು, ಹಾಸ್ಟೆಲ್ ಹುಡುಗರ ಜೊತೆ ಕೆಲಸ ಮಾಡುವವರು ಇದನ್ನ ಸೇವ್ ಮಾಡಿ ಇಟ್ಕೊಳ್ರಿ. ಒಂದಿಲ್ಲೊಂದು ದಿನ ಬೇಕಾಗ್ತದ.

ಮಾತು ಮನಸ್ಸಿನ ಕಾಯಿಲೆ ಬಗ್ಗೆ. ಅದರಲ್ಲೂ ಎರಡು. ಒಂದು, ಡಾಕ್ಟರು ಡಿಪ್ರೆಷನ್ ಅನ್ನುವ ಖಿನ್ನತೆ. ಇನ್ನೊಂದು ಬೈಪೋಲಾರ್. ಅದರಲ್ಲಿ ಮನುಷ್ಯ ಕೆಲವು ಕಾಲ ಖಿನ್ನತೆಗೆ ಇಳೀತಾನೆ, ಕೆಲವು ಕಾಲ ಉನ್ಮಾದಕ್ಕೆ ಏರ್ತಾನೆ, ನಡುವೆ ಎಲ್ಲರಂತೆ ಇರ್ತಾನೆ.

ನಮ್ಮ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆ ಇವಕ್ಕೆ ಬೇರೆ ಹೆಸರು ಅವ. ಮಂಕಾಗಿ ಕುಂತವನಿಗೆ ಮೈಗಳ್ಳ ಅಂತಾರೆ. ಹುರುಪು ಏರಿ ನಿದ್ದೆ ಬಿಟ್ಟು ತಿರುಗುವವನಿಗೆ ಸೊಕ್ಕು ಬಂದದ ಅಂತಾರೆ. ಅವನು ನಮ್ಮ ಓಣಿಯವನಾದರೆ ಈ ಹೆಸರು ಇನ್ನೂ ಲಗೂನ ಅಂಟ್ತಾವ. ದವಾಖಾನಿ ಬಾಗಿಲು ಮುಟ್ಟುವ ಮೊದಲೇ ನಮ್ಮ ಕಾಯಿಲೆಗೆ ಊರು ಹೆಸರಿಟ್ಟಿರ್ತದ.

ನನ್ನ ತಮ್ಮನ ವಿಷಯ ಹೇಳ್ತೀನಿ. ಬರೆಯೋಕೆ ಅವನ ಒಪ್ಪಿಗೆ ಅದ. ಅವನೇ ಓದಿ ಎರಡು ಕಡೆ ತಿದ್ದಿದ್ದಾನೆ. ಹೆಸರು, ಊರು ಬೇಡ ಅಂದಿದ್ದಾನೆ.

ನಮ್ಮಪ್ಪ ಶಹಾಬಾದ ಕಡೆ ಪರ್ಸಿ ಕಲ್ಲಿನ ಗಣಿಯಲ್ಲಿ ದುಡಿದವನು. ಅವ್ವ ತೊಗರಿ ಹೊಲಕ್ಕೆ ಕೂಲಿಗೆ ಹೋಗುವವಳು. ನನ್ನ ನಂತರ ಮನೆಯಲ್ಲಿ ಡಿಗ್ರಿಗೆ ಹೋದವನು ತಮ್ಮ. ಎರಡನೇ ವರ್ಷದಲ್ಲಿ ಕಾಲೇಜು ಬಿಟ್ಟು ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದ. ನಸುಕಿನ ಮೂರಕ್ಕೇ ಎಚ್ಚರ. ರೊಟ್ಟಿ ಮುರಿದು ಹಂಗೇ ಇಡ್ತಿದ್ದ. "ಮೈಮ್ಯಾಗ ಕಲ್ಲು ಹೇರಿದಂಗ ಆಗ್ಯದ ಅವ್ವಾ" ಅಂತಿದ್ದ. ಊರಿನ ಡಾಕ್ಟರ್ ಸಲೈನ್ ಹಚ್ಚಿದ, ಸೂಜಿ ಮಾಡಿದ. ಓಣಿಯ ಹಿರಿಯರು ಗಾಳಿ ಸೋಕ್ಯದ ಅಂದರು. ಇನ್ಯಾರೋ ಭಾನಾಮತಿ ಅಂದರು. ಕೆಲವರು ಗಾಣಗಾಪುರಕ್ಕೆ ಒಯ್ಯಿರಿ ಅಂದರು, ಕೆಲವರು ದರ್ಗಾಕ್ಕೆ. ಅವ್ವ ಕೂಲಿಗೆ ಹೋಗುವ ಹೊಲದ ಧಣಿ, "ನಾಕು ಅಕ್ಷರ ಕಲಿತ್ರ ಹಿಂಗೇ ನೋಡು, ಮೈ ಬಗ್ಗಂಗಿಲ್ಲ" ಅಂದ.

ಕೊನೆಗೆ ಒಂದು ಖಾಸಗಿ ಕ್ಲಿನಿಕ್ಕಿಗೆ ಹೋದೆವು. ಐದು ನಿಮಿಷದ ತಪಾಸಣೆ. ಡಿಪ್ರೆಷನ್ ಅಂತ ಗುಳಿಗಿ ಬರೆದುಕೊಟ್ಟರು. ಆ ದಿನದ ಮಟ್ಟಿಗೆ ಅವನಿಗೆ ಇದ್ದದ್ದು ಖಿನ್ನತೆಯೇ. ಆದರೆ ಕೇಳಲೇಬೇಕಾದ ಒಂದು ಪ್ರಶ್ನೆ ಕೇಳಲಿಲ್ಲ.

ಆ ಪ್ರಶ್ನೆ ಏನು ಅನ್ನೋದಕ್ಕೆ ಮೊದಲು ಖಿನ್ನತೆ ಗುರುತಿಸೋದು ಹೆಂಗ ಅಂತ ತಿಳ್ಕೊಳ್ಳೋಣ. ದುಃಖ ಎಲ್ಲರಿಗೂ ಅದ, ನಮಗೆ ಸ್ವಲ್ಪ ಜಾಸ್ತೀನೇ ಅದ. ಬೇಸರ ಅಥವಾ ಯಾವುದರಲ್ಲೂ ಆಸೆ ಇಲ್ಲದ ಸ್ಥಿತಿ ಕನಿಷ್ಠ ಎರಡು ವಾರ, ದಿನದ ಬಹುಪಾಲು ಹೊತ್ತು ಇರಬೇಕು. ಅದರ ಜೊತೆ ನಿದ್ದೆ, ಹಸಿವು, ಶಕ್ತಿ, ಗಮನ ಕೆಡಬೇಕು, ನಾನು ಯಾತಕ್ಕೂ ಬಾರದವನು ಅನ್ನೋದು ತಲೆ ತುಂಬಬೇಕು, ಸಾವಿನ ಯೋಚನೆ ಬರಬಹುದು. ದಿನದ ಕೆಲಸ ನಿಂತು ಹೋಗಬೇಕು. ಆಗ ಡಾಕ್ಟರು ಅದಕ್ಕೆ ಕಾಯಿಲೆ ಅಂತಾರೆ. ನಮ್ಮ ಮಂದಿ ದವಾಖಾನಿಗೆ ಹೋಗಿ "ಮನಸ್ಸು ಕುಗ್ಗ್ಯದ" ಅನ್ನೋದು ಕಡಿಮೆ. ಮೈಕೈ ನೋವು, ತಲಿ ಭಾರ, ಎದಿ ಉರಿ, ನಿಶ್ಶಕ್ತಿ ಅಂತಾರೆ. ಅದಕ್ಕೇ ವರ್ಷಗಟ್ಟಲೆ ನೋವಿನ ಗುಳಿಗಿ ನುಂಗ್ತಾರೆ. ಥೈರಾಯ್ಡ್ ಕಡಿಮೆಯಾದರೂ, ರಕ್ತ ಕಡಿಮೆಯಾದರೂ ಹಿಂಗೇ ಮಂಕಾಗ್ತದ. ಹಂಗಾಗಿ ಒಳ್ಳೆಯ ಡಾಕ್ಟರು ಮೊದಲು ರಕ್ತ ಪರೀಕ್ಷೆ ಮಾಡಿಸ್ತಾರೆ.

ಈಗ ಆ ಪ್ರಶ್ನೆ: "ಇದಕ್ಕೂ ಮೊದಲು ಎಂದಾದರೂ ಕೆಲವು ದಿನ ನಿದ್ದೆ ಇಲ್ಲದೆಯೂ ದಣಿವಾಗದೆ, ಮಾತು ಹೆಚ್ಚಾಗಿ, ರೊಕ್ಕ ಸಿಕ್ಕಾಪಟ್ಟೆ ಖರ್ಚು ಮಾಡಿ, ನನ್ನಂಥವರು ಯಾರೂ ಇಲ್ಲ ಅನ್ನಿಸಿತ್ತಾ?" ಉತ್ತರ ಹೌದು ಅಂದರೆ ಎದುರಿಗಿರುವ ಖಿನ್ನತೆ ಬೈಪೋಲಾರಿನ ಒಂದು ಮುಖ ಇರಬಹುದು. ಅಂಥವರಿಗೆ ಖಿನ್ನತೆಯ ಗುಳಿಗಿ ಒಂದನ್ನೇ ಕೊಟ್ಟರೆ ಉನ್ಮಾದಕ್ಕೆ ಏರುವ ಅಪಾಯ ಅದ.

ನಮ್ಮ ಮನೆಯಲ್ಲಿ ಆದದ್ದೂ ಅದೇ. ಮೂರನೇ ವಾರ ತಮ್ಮ ಎದ್ದು ಕುಂತ. ನಾವೆಲ್ಲ ಖುಷಿಯಾದೆವು. ನಾಲ್ಕನೇ ವಾರ ಅವನು ಕುಂದರಲೇ ಇಲ್ಲ. ಊರ ಹೋಟೆಲ್ಲಿನಲ್ಲಿ ನಮ್ಮವರಿಗೆ ಬೇರೆ ಗ್ಲಾಸು ಇಡೋದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಇವನು ಒಳಗೆ ಹೋಗಿ ಬೆಂಚಿನ ಮೇಲೆ ಕುಂತು, ಎಲ್ಲರ ಕಪ್ಪಿನಲ್ಲೇ ಚಹಾ ಕೊಡು ಅಂದ. ಕೊಡಲಿಲ್ಲ. ಅಲ್ಲೇ ನಿಂತು ಎರಡು ತಾಸು ಭಾಷಣ ಮಾಡಿದ. ಸಂವಿಧಾನದ 17ನೇ ವಿಧಿ ಬಾಯಿಪಾಠ ಹೇಳಿದ. ಯಾರೋ ವಿಡಿಯೋ ಮಾಡಿದರು. ನಮ್ಮ ವಾಟ್ಸಪ್ ಗ್ರೂಪುಗಳಲ್ಲಿ ಅದು ಓಡಾಡಿತು. "ಹುಲಿ", "ಬಾಬಾಸಾಹೇಬರ ಖರೇ ಮಗ" ಅಂತ ಚಪ್ಪಾಳೆ. ಊರಿನ ಇನ್ನೊಂದು ಕಡೆ, "ಈ ಮಂದಿಗಿ ಸೊಕ್ಕು ಬಂದದ."

ಅವ್ವ ಮಾತ್ರ ಬೇರೆ ಮಾತು ಹೇಳಿದಳು. "ಅವ ಅಂದದ್ದು ಖರೇ ಅದ. ಆದ್ರ ಅವ ಆರು ರಾತ್ರಿ ಮಕ್ಕೊಂಡಿಲ್ಲ."

ಈ ವಿಷಯದಲ್ಲಿ ನಾನು ಕೇಳಿದ ಅತ್ಯಂತ ಸರಿಯಾದ ಮಾತು ಇದು. ಅವನು ಬಯ್ದ ಅನ್ಯಾಯ ನಿಜ. ಅವನ ಮೈಯಲ್ಲಿದ್ದ ಕಾಯಿಲೆಯೂ ನಿಜ. ಅನಕ್ಷರಸ್ಥೆ ನಮ್ಮವ್ವ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಐದು ಊರಿನಲ್ಲಿ ಪುತ್ಥಳಿ ನಿಲ್ಲಿಸ್ತೀನಿ ಅಂತ ಅವನು ಬಡ್ಡಿಗೆ ರೊಕ್ಕ ತಂದಿದ್ದ. ಒಂದು ರಾತ್ರಿ ವಾಡಿ ಜಂಕ್ಷನ್‌ನಲ್ಲಿ ಸಿಕ್ಕ. ದಿಲ್ಲಿಗೆ ಹೋಗಿ ಸುಪ್ರೀಂ ಕೋರ್ಟಿನಲ್ಲಿ ತಾನೇ ವಾದ ಮಾಡ್ತೀನಿ ಅಂತ ಪ್ಲಾಟ್‌ಫಾರ್ಮಿನ ಮೇಲೆ ಬರಿಗಾಲಲ್ಲಿ ನಿಂತಿದ್ದ.

ಮುಂದಿನ ವಾರ ಹೊಲದ ದಾರಿಯಲ್ಲಿ ಅವನನ್ನು ಹಿಡಿದು ಹೊಡೆದರು. ಜಾತಿ ಹೆಸರು ಹಿಡಿದು ಬಯ್ದು ಹೊಡೆದರು. ದೂರು ಕೊಡೋಕೆ ಹೋದಾಗ ಎದುರು ಪಾರ್ಟಿಯವರು ಹೇಳಿದ್ದು ಒಂದೇ: "ಹುಚ್ಚ ಇದ್ದಾನ್ರೀ ಅವ, ಅವನ ಮಾತು ಏನು ಬರ್ಕೊಳ್ತೀರಿ?" ಕ್ಲಿನಿಕ್ಕಿನ ಚೀಟಿ ಹೆಂಗೋ ಅವರಿಗೂ ಗೊತ್ತಾಗಿತ್ತು. ನಿನ್ನೆ ತನಕ ಸೊಕ್ಕು ಅಂದವರೇ ಈಗ ಹುಚ್ಚು ಅಂದರು. ಕಾಯಿಲೆ ಅಂತ ಒಪ್ಪಿದರೆ ಹೊಡೆತದ ಕೇಸು ಸಾಯ್ತದ, ಕೇಸು ಉಳಿಸ್ಬೇಕಂದ್ರ ಕಾಯಿಲೆ ಮುಚ್ಚಿಡಬೇಕು ಅನ್ನೋ ಪೇಚಿಗೆ ನಮ್ಮನ್ನ ಸಿಕ್ಕಿಸಿದರು. ನಮ್ಮ ಕಡೆಯ ಕೆಲವರೂ "ದವಾಖಾನಿ ಮಾತು ಈಗ ಬ್ಯಾಡ, ಕೇಸ್ ಹಾಳಾಗ್ತದ" ಅಂದರು.

ಇಲ್ಲಿ ಕಾನೂನು ನಮ್ಮ ಕಡೆ ಅದ. ಇದನ್ನ ನಮ್ಮ ವಕೀಲರು, ಕಾರ್ಯಕರ್ತರು ಕಂಠಪಾಠ ಮಾಡ್ಬೇಕು.

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017. ಅದರ 3ನೇ ಕಲಂ ಎರಡು ಮುಖ್ಯ ಮಾತು ಹೇಳ್ತದ. ಒಬ್ಬರ ಸಾಮಾಜಿಕ, ಆರ್ಥಿಕ, ರಾಜಕೀಯ ಸ್ಥಾನಮಾನ ನೋಡಿಯೋ, ಊರಿನ ನೀತಿ ನಡಾವಳಿಗೆ ಒಗ್ಗಿಲ್ಲ ಅಂತಲೋ ಅವರಿಗೆ ಮಾನಸಿಕ ಕಾಯಿಲೆ ಅದ ಅಂತ ತೀರ್ಮಾನ ಮಾಡುವಂತಿಲ್ಲ. ಎರಡನೆಯದು, ಕಾಯಿಲೆ ಅದ ಅಂತ ಗೊತ್ತಾದ ಮಾತ್ರಕ್ಕೆ ಆ ಮನುಷ್ಯ ಬುದ್ಧಿ ಸ್ವಾಧೀನದಲ್ಲಿ ಇಲ್ಲದವನು ಅಂತ ಆಗೋದಿಲ್ಲ, ಅದನ್ನ ಹೇಳಬೇಕಾದದ್ದು ಕೋರ್ಟು. ಸಾಕ್ಷ್ಯದ ಕಾನೂನಿನಲ್ಲೂ ಅಷ್ಟೇ. ಪ್ರಶ್ನೆ ಅರ್ಥ ಮಾಡಿಕೊಂಡು ಉತ್ತರ ಕೊಡಬಲ್ಲವನಾದರೆ ಮಾನಸಿಕ ಕಾಯಿಲೆ ಇದ್ದವನೂ ಸಾಕ್ಷಿ ಹೇಳಬಹುದು. ದೌರ್ಜನ್ಯ ತಡೆ ಕಾಯ್ದೆಗೆ 2018ರಲ್ಲಿ ಸೇರಿಸಿದ 18ಎ ಪ್ರಕಾರ ಎಫ್‌ಐಆರ್ ಹಾಕೋಕೆ ಪೂರ್ವಭಾವಿ ವಿಚಾರಣೆ ಬೇಕಾಗಿಲ್ಲ. ಈ ಎಲ್ಲ ಹಾಳೆ ಹಿಡ್ಕೊಂಡು ಹೋಗಿ ಕುಂತ ಮೇಲೆ ನಮ್ಮ ದೂರು ದಾಖಲಾಯ್ತು.

ಪ್ರತಿಭಟನೆಗೆ ಕಾಯಿಲೆಯ ಹೆಸರು ಕೊಡೋದು ನಮ್ಮೂರಲ್ಲಿ ಹುಟ್ಟಿದ ಉಪಾಯ ಅಲ್ಲ. ಅಮೆರಿಕದಲ್ಲಿ 1851ರಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಅನ್ನುವ ಡಾಕ್ಟರು, ಗುಲಾಮರು ಯಜಮಾನರಿಂದ ಓಡಿ ಹೋಗೋದಕ್ಕೇ 'ಡ್ರೆಪಟೋಮೇನಿಯಾ' ಅಂತ ರೋಗದ ಹೆಸರು ಕೊಟ್ಟ. 1968ರಲ್ಲಿ ಇಬ್ಬರು ಮನೋವೈದ್ಯರು ಕಪ್ಪುಜನರ ಹೋರಾಟದ ಸಿಟ್ಟಿಗೆ 'ಪ್ರೊಟೆಸ್ಟ್ ಸೈಕೋಸಿಸ್' ಅಂದರು. ಜೊನಾಥನ್ ಮೆಟ್ಜಲ್ ಅದೇ ಹೆಸರಿನ ಪುಸ್ತಕ ಬರೆದು, ಆ ಕಾಲದಲ್ಲಿ ಸ್ಕಿಜೋಫ್ರೇನಿಯಾ ಅನ್ನೋದು ಹೆಂಗ ಕಪ್ಪು ಗಂಡಸರ ಕಾಯಿಲೆಯಾಗಿ ಬದಲಾಯ್ತು ಅಂತ ಆಸ್ಪತ್ರೆ ಕಡತ ತೆಗೆದು ತೋರಿಸಿದ. ಇವತ್ತಿಗೂ ಅಲ್ಲಿ ಖಿನ್ನತೆ, ಬೈಪೋಲಾರ್ ಇರುವ ಕಪ್ಪುಜನರಿಗೆ ತಪ್ಪಾಗಿ ಸ್ಕಿಜೋಫ್ರೇನಿಯಾ ಅಂತ ಬರೆಯೋದು ಬಿಳಿಯರಿಗಿಂತ ಹೆಚ್ಚು ಅಂತ ಅಧ್ಯಯನಗಳು ಹೇಳ್ತಾವ. ಹಂಗಾಗಿ ನಮ್ಮವರಿಗೆ ಮನೋವೈದ್ಯರ ಮೇಲೆ ಅನುಮಾನ ಬರೋದರಲ್ಲಿ ಅರ್ಥ ಅದ. ಆದರೆ ಆ ಅನುಮಾನ ಹಿಡ್ಕೊಂಡು ಮನೆಯಲ್ಲೇ ಕುಂತರೆ ಆರು ರಾತ್ರಿ ನಿದ್ದೆ ಇಲ್ಲದ ಹುಡುಗ ಏಳನೇ ರಾತ್ರಿ ರೈಲಿನ ಹಳಿ ಮೇಲೆ ಇರ್ತಾನ.

ನಾವು ಕಲಬುರಗಿಗೆ, ಸರ್ಕಾರಿ ದವಾಖಾನಿಗೆ ಹೋದೆವು. ಅಲ್ಲಿದ್ದ ಡಾಕ್ಟರ್ ಮೇಡಂ ತಮ್ಮನ ಜೊತೆ ಮುಕ್ಕಾಲು ತಾಸು ಕುಂತರು. ಆಮೇಲೆ ಅವ್ವನ ಕಡೆ ತಿರುಗಿ, "ಅವ್ವಾ, ಇದಕ್ಕ ಮೊದ್ಲ ಎಂದರ ಹಿಂಗ ನಿದ್ದಿ ಬಿಟ್ಟು ಹುರುಪಾಗಿದ್ನಾ?" ಅಂತ ಕೇಳಿದರು. ಅವ್ವ ತಡ ಮಾಡದೆ, "ಪಿಯುಸಿ ಇದ್ದಾಗ ಒಮ್ಮೆ ಎಂಟು ದಿನ ರೀ. ಇಡೀ ಓಣಿ ಮಕ್ಕಳಿಗಿ ಪಾಟಿ, ಪುಸ್ತಕ ತಂದ್ಕೊಟ್ಟಿದ್ದ" ಅಂದಳು. ಚೀಟಿಯ ಮೇಲೆ ಬೈಪೋಲಾರ್ ಅಂತ ಬಂತು. ಅವರು ಹೊಡೆತದ ಗಾಯನೂ ನೋಡಿದರು, ಹೋಟೆಲ್ಲಿನ ವಿಷಯನೂ ಕೇಳಿ ಬರ್ಕೊಂಡರು. ಆಮೇಲೆ ತಮ್ಮನಿಗೆ ಹೇಳಿದರು: "ಬೇರೆ ಗ್ಲಾಸು ಇಡೋದು ತಪ್ಪು. ಅದು ನಿನ್ನ ಕಾಯಿಲೆ ಅಲ್ಲಪ್ಪ. ನಿದ್ದೆ ಇಲ್ಲದಿರೋದು ಕಾಯಿಲೆ. ಅದಕ್ಕೆ ಔಷಧ ಕೊಡ್ತೀನಿ." ಅವನು ಗುಳಿಗಿ ನುಂಗೋಕೆ ಒಪ್ಪಿದ್ದು ಆ ಒಂದು ಮಾತಿಗೆ.

ಔಷಧದ ಬಗ್ಗೆ ಜರಾ ಬಿಡಿಸಿ ಹೇಳ್ತೀನಿ, ಯಾಕಂದ್ರ ಇದು ನಮ್ಮ ಸೀಮೆಯ ಬಿಸಿಲಿಗೆ, ನಮ್ಮ ಕೆಲಸಕ್ಕೆ ಸಂಬಂಧಪಟ್ಟದ್ದು.

ತಮ್ಮನಿಗೆ ಕೊಟ್ಟದ್ದು ಲಿಥಿಯಂ. ಉನ್ಮಾದಕ್ಕೆ ಇದು ಕೆಲಸ ಮಾಡ್ತದ ಅಂತ 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಅನ್ನುವ ಡಾಕ್ಟರು ತೋರಿಸಿದರು. ಲಿಥಿಯಂ ಅನ್ನೋ ಹೆಸರು ಗ್ರೀಕರ 'ಕಲ್ಲು' ಅನ್ನೋ ಪದದಿಂದ ಬಂದದ್ದು. ಇದನ್ನ ಹೇಳಿದಾಗ ಅಪ್ಪ ನಕ್ಕು, "ಕಲ್ಲು ನಮ್ಮನ್ನ ಬಿಡಂಗಿಲ್ಲ ಬಿಡು" ಅಂದ. ಹಳೆಯ ಔಷಧ, ಒಳ್ಳೆಯ ಔಷಧ. ಆದರೆ ರಕ್ತದಲ್ಲಿ ಅದರ ಪ್ರಮಾಣ ಸರಿಯಾಗಿ ಇರಬೇಕು. ಸಾಮಾನ್ಯವಾಗಿ 0.6ರಿಂದ 1.0ರ ಒಳಗೆ. ಕಡಿಮೆಯಾದರೆ ಉಪಯೋಗ ಇಲ್ಲ, 1.5 ದಾಟಿದರೆ ವಿಷ. ಕೊನೆಯ ಗುಳಿಗಿ ನುಂಗಿ 12 ತಾಸಿನ ಮೇಲೆ ರಕ್ತ ಕೊಡಬೇಕು. ಆಗಾಗ ಕಿಡ್ನಿ, ಥೈರಾಯ್ಡ್ ಪರೀಕ್ಷೆನೂ ಆಗಬೇಕು.

ಏಪ್ರಿಲ್, ಮೇದಲ್ಲಿ ನಮ್ಮ ಕಡೆ ಬಿಸಿಲು 42 ಡಿಗ್ರಿ ದಾಟ್ತದ. ಗಣಿಯಲ್ಲಿ, ಸಿಮೆಂಟ್ ಫ್ಯಾಕ್ಟರಿಯ ಲೋಡಿಂಗಿನಲ್ಲಿ ಬೆವರು ಸುರಿದು ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರ್ತದ. ವಾಂತಿ ಭೇದಿ ಆದರೂ ಏರ್ತದ. ಮೈಕೈ ನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತಗೊಳ್ಳುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗಿದರೂ ಏರ್ತದ. ಅಂದರೆ ಕೂಲಿಕಾರನ ದಿನಚರಿ ಪೂರಾ ಈ ಔಷಧಕ್ಕೆ ಎದುರಾಗಿ ನಿಂತದ. ಕೈ ಜೋರಾಗಿ ನಡುಗಿದರೆ, ನಡಿಗೆ ತೂರಾಡಿದರೆ, ಮಾತು ತೊದಲಿದರೆ ತಡ ಮಾಡಬಾರದು, ಸೀದಾ ದವಾಖಾನಿಗೆ. ನೀರು ಚೆನ್ನಾಗಿ ಕುಡೀಬೇಕು, ಊಟದ ಉಪ್ಪು ಒಮ್ಮೆಲೇ ಬಿಡಬಾರದು, ನೋವಿನ ಗುಳಿಗಿ ಡಾಕ್ಟರನ್ನ ಕೇಳದೆ ನುಂಗಬಾರದು.

ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ಬೈಪೋಲಾರ್‌ಗೆ ವ್ಯಾಲ್ಪ್ರೊಯೇಟ್ ಅನ್ನುವ ಗುಳಿಗಿಯನ್ನೂ ಕೊಡ್ತಾರೆ. ಗರ್ಭದಲ್ಲಿರುವ ಕೂಸಿಗೆ ಅದರಿಂದ ಊನ ಆಗುವ ಅಪಾಯ ಹೆಚ್ಚು. ಮಕ್ಕಳಾಗುವ ವಯಸ್ಸಿನವರು "ನನಗ ಇದು ನಡೀತದಾ, ಬ್ಯಾರೇದು ಅದನಾ?" ಅಂತ ಕೇಳಲೇಬೇಕು. ತಾವಾಗಿಯೇ ಒಮ್ಮೆಲೇ ಬಿಡೋದೂ ಬೇಡ. ಬರೀ ಖಿನ್ನತೆಯ ಗುಳಿಗಿ ತಗೊಳ್ಳುವವರಿಗೂ ಹೇಳ್ತೀನಿ: ಅದು ಕೆಲಸ ಶುರು ಮಾಡೋಕೆ ಎರಡರಿಂದ ಆರು ವಾರ ಬೇಕು. ನಾಲ್ಕು ದಿನ ನುಂಗಿ "ಏನೂ ಆಗಿಲ್ಲ" ಅಂತ ಬಿಡೋದು, ಆರಾಮ ಆದ ಮರುದಿನವೇ ಬಿಡೋದು, ಎರಡೂ ತಪ್ಪು. ಆರಾಮ ಆದ ಮೇಲೂ ಕನಿಷ್ಠ ಆರರಿಂದ ಒಂಬತ್ತು ತಿಂಗಳು ಮುಂದುವರಿಸ್ಬೇಕು.

ಈಗ ಅಂಕಿ ಸಂಖ್ಯೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 12 ರಾಜ್ಯಗಳಲ್ಲಿ ನಡೀತು. ಕರ್ನಾಟಕ ಅದರಲ್ಲಿ ಇರಲಿಲ್ಲ. ಅದರ ಪ್ರಕಾರ ಖಿನ್ನತೆ ಇರುವ 100 ಜನರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆ ಸಿಕ್ಕಿಲ್ಲ, ಬೈಪೋಲಾರ್ ಇರುವವರಲ್ಲಿ ಸುಮಾರು 70 ಮಂದಿಗೆ ಸಿಕ್ಕಿಲ್ಲ. 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತವರು 1,70,924 ಅಂತ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಹೇಳ್ತದ. ಅವರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ದಿನಗೂಲಿಯವರು. ಆ ವರದಿಯಲ್ಲಿ ವಯಸ್ಸು, ಓದು, ಉದ್ಯೋಗದ ಲೆಕ್ಕ ಅದ, ಜಾತಿಯ ಲೆಕ್ಕ ಇಲ್ಲ. ದಿನಗೂಲಿ ಮಾಡುವವರು ಯಾರು ಅಂತ ನಮಗೆ ಯಾರೂ ಹೇಳ್ಬೇಕಾಗಿಲ್ಲ.

ಇನ್ನು ನಮ್ಮ ನಮ್ಮಲ್ಲಿ ಆಡುವ ಮಾತು. ರೋಹಿತ್ ವೇಮುಲ ತೀರಿಕೊಂಡದ್ದು 2016ರ ಜನವರಿ 17. ಪಾಯಲ್ ತಡ್ವಿ 2019ರ ಮೇ 22. ಆ ಸಾವುಗಳನ್ನ ಬರೀ "ಡಿಪ್ರೆಷನ್" ಅಂತ ಮುಚ್ಚಿಹಾಕೋಕೆ ನೋಡಿದಾಗ ನಾವು ಬೀದಿಗೆ ಇಳಿದೆವು, ಅದು ಸರಿ ಇತ್ತು. ಆದರೆ ಅದರ ಜೊತೆಗೆ ನಮ್ಮಲ್ಲಿ ಒಂದು ನಂಬಿಕೆ ಬೇರೂರಿದೆ: ಹೋರಾಟಗಾರನಿಗೆ ಖಿನ್ನತೆ ಬರಂಗಿಲ್ಲ, ಬಂದರೆ ಅವನು ಬಲಹೀನ ಅಂತ. ಬಾಬಾಸಾಹೇಬರಿಗೆ ಸಕ್ಕರೆ ಕಾಯಿಲೆ ಇತ್ತು. ಔಷಧ ತಗೊಂಡರು, ಆ ದೇಹದಲ್ಲೇ ಸಂವಿಧಾನದ ಕೆಲಸ ಮುಗಿಸಿದರು. ಅವರನ್ನ ಯಾರಾದರೂ ಬಲಹೀನ ಅಂತಾರಾ?

ನಮ್ಮ ಚಿತ್ತಾಪುರ ತಾಲೂಕಿನ ಸನ್ನತಿಗೆ, ಕನಗನಹಳ್ಳಿಯ ಸ್ತೂಪ ನೋಡೋಕೆ ವರ್ಷಕ್ಕೊಮ್ಮೆಯಾದರೂ ಹೋಗ್ತೀವಿ. ಬುದ್ಧ ದುಃಖದ ಮಾತು ಆಡಿದ ಅಂತ ಎಲ್ಲರೂ ಹೇಳ್ತೀವಿ. ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದ ಪೀಠಿಕೆಯಲ್ಲಿ ಅದನ್ನೂ ಪ್ರಶ್ನೆ ಮಾಡಿದರು. ಹುಟ್ಟು, ಬಾಳು, ಸಾವು ಎಲ್ಲವೂ ದುಃಖವೇ ಆಗಿಬಿಟ್ಟರೆ ಮನುಷ್ಯನಿಗೆ ಈ ಲೋಕದಲ್ಲಿ ಸುಖದ ದಾರಿ ಎಲ್ಲಿ ಅಂತ ಕೇಳಿದರು. ನಮ್ಮ ದುಃಖ ಹಣೆಬರಹ ಅಲ್ಲ ಅನ್ನೋದು ನಮ್ಮ ಚಳವಳಿಯ ಬುನಾದಿ. ಹಂಗಿದ್ದ ಮೇಲೆ ತಲೆಯೊಳಗಿನ ದುಃಖಕ್ಕೆ ಮಾತ್ರ "ಬಂದದ್ದು ಅನುಭವಿಸು" ಅನ್ನೋದು ಯಾವ ನ್ಯಾಯ?

ಈಗ ಮಾಡಬೇಕಾದ ಕೆಲಸ.

ಒಂದು. ಮೀಟಿಂಗಿಗೆ ಬರುವ ಹುಡುಗರ ನಿದ್ದೆ ವಿಚಾರಿಸ್ರಿ. "ಭಾಷಣ ಭಾರಿ ಆತು ತಮ್ಮಾ, ಆದ್ರ ರಾತ್ರಿ ಮಕ್ಕೊಂಡಿಯಾ?" ಅಂತ ಕೇಳ್ರಿ. ವಾರಗಟ್ಟಲೆ ಮೂಲೆ ಹಿಡಿದವನನ್ನೂ ಮರೀಬ್ಯಾಡ್ರಿ.

ಎರಡು. ಸಾಯ್ತೀನಿ ಅಂದವರ ಮಾತು ಹಗುರ ಮಾಡಬ್ಯಾಡ್ರಿ. ನೇರವಾಗಿ ಕೇಳ್ರಿ, ಒಬ್ಬರನ್ನೇ ಬಿಡಬ್ಯಾಡ್ರಿ. ಟೆಲಿ ಮಾನಸ್ ನಂಬರ್ 14416. ಪುಕ್ಕಟೆ, ಹಗಲು ರಾತ್ರಿ ಇರ್ತದ, ಕನ್ನಡದಲ್ಲಿ ಮಾತಾಡಬಹುದು. ಆತ್ಮಹತ್ಯೆಗೆ ಯತ್ನಿಸಿದವರನ್ನ ಪೊಲೀಸ್ ಕೇಸ್ ಭಯಕ್ಕೆ ಬಚ್ಚಿಡಬ್ಯಾಡ್ರಿ. ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷಿಸಬಾರದು ಅಂತ ಆ 2017ರ ಕಾಯ್ದೆಯ 115ನೇ ಕಲಂ ಹೇಳ್ತದ.

ಮೂರು. ಗಾಳಿ ಬಿಡಿಸ್ತೀನಿ, ಭಾನಾಮತಿ ತೆಗೀತೀನಿ ಅಂತ ಕಟ್ಟಿ ಹಾಕೋದು, ಹೊಡೆಯೋದು ಅಪರಾಧ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿ ಹಾಕಿದ್ದ 28 ರೋಗಿಗಳು ಬೆಂಕಿಯಲ್ಲಿ ಸುಟ್ಟು ಸತ್ತರು. ಓಡಿ ಹೋಗೋಕೆ ಆಗಲಿಲ್ಲ. ದೇವರಿಗೆ, ದರ್ಗಾಕ್ಕೆ ಹೋಗುವವರನ್ನ ನಾನು ಬಯ್ಯಂಗಿಲ್ಲ, ಆದ್ರ ಗುಳಿಗಿ ಬಿಟ್ಟು ಹೋಗಬ್ಯಾಡ್ರಿ.

ನಾಲ್ಕು. ಅದೇ ಕಾಯ್ದೆಯ 18ನೇ ಕಲಂ ಪ್ರಕಾರ ಸರ್ಕಾರಿ ಚಿಕಿತ್ಸೆ ಎಲ್ಲರ ಹಕ್ಕು. ಜಾತಿ ಭೇದ ಮಾಡಬಾರದು ಅಂತ ಅಲ್ಲಿ ಜಾತಿ ಅನ್ನೋ ಪದ ಹಾಕೇ ಬರೆದಾರ. ಬಡತನ ರೇಖೆ ಕೆಳಗಿನವರಿಗೆ ಕಾರ್ಡು ಇರಲಿ ಬಿಡಲಿ, ಪುಕ್ಕಟೆ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗಬೇಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದೇ ನಮ್ಮ ಬಳ್ಳಾರಿ, 1980ರ ದಶಕದಲ್ಲಿ. ಅದೇ ಕಲ್ಯಾಣ ಕರ್ನಾಟಕದ ನಾವು ಒಂದು ರಕ್ತ ಪರೀಕ್ಷೆಗೆ ಕೂಲಿ ಬಿಟ್ಟು, ಬಸ್ ಹಿಡಿದು ಕಲಬುರಗಿಗೆ ಯಾಕ ಓಡಾಡಬೇಕು? ಮುಂದಿನ ಮಂಗಳವಾರ ಐದೂ ಊರಿನ ಗೆಳೆಯರು ನಿಮ್ಮ ನಿಮ್ಮ ಆಸ್ಪತ್ರೆಗೆ ಹೋಗಿ ಮೂರು ಪ್ರಶ್ನೆ ಕೇಳ್ರಿ: ಮನೋವೈದ್ಯರು ಬಂದಾರಾ? ಲಿಥಿಯಂ ಗುಳಿಗಿ ಅದನಾ? ಲಿಥಿಯಂ ರಕ್ತ ಪರೀಕ್ಷೆ ಇಲ್ಲೇ ಆಗ್ತದಾ? ಉತ್ತರ ಬರ್ಕೊಂಡು, ತಾರೀಖು ಹಾಕಿ ನನಗ ಕಳಿಸ್ರಿ. ಎಲ್ಲ ಸೇರಿಸಿ ಜಿಲ್ಲಾ ಆರೋಗ್ಯಾಧಿಕಾರಿಗೆ ಮನವಿ ಕೊಡೋಣ.

ತಮ್ಮ ಡಿಗ್ರಿ ಮುಗಿಸಿದ್ದಾನೆ, ಈಗ ಕೆಲಸದಲ್ಲಿ ಇದ್ದಾನೆ. ಹೊಡೆತದ ಕೇಸು ಕೋರ್ಟಿನಲ್ಲಿ ನಡೀತಾ ಅದ. ಸಾಕ್ಷಿ ಹೇಳುವ ದಿನ ಎದುರು ವಕೀಲರು "ನೀವು ಮಾನಸಿಕ ರೋಗಿ ಅಲ್ಲವೇ?" ಅಂತ ಕೇಳಿದರು. "ಹೌದು ಸರ್, ಔಷಧ ತಗೊಳ್ತಾ ಇದೀನಿ. ಆ ದಿನ ನನ್ನ ಹೊಡೆದವರು ಯಾರು ಅಂತನೂ ನೆನಪದ" ಅಂದ.

ಜೈ ಭೀಮ್.